ಕೆರೆ ದಂಡೆಯಲ್ಲಿ ಮೂರು ದಿನ

ನಿವೃತ್ತರಿಗೆ ವರ್ಷವೆಲ್ಲ ರಜೆ ಎಂದು ಜನ ತಿಳಿದಿದ್ದಾರೆ. ಆದರೆ ಮೊಮ್ಮಕ್ಕಳ ಶಾಲೆಗೆ ರಜೆ ಬಂದಾಗಲೇ ನಮ್ಮಂಥ ಅಜ್ಜಂದಿರಿಗೂ ನಿಜವಾದ ರಜೆ. ಕಳೆದ ದಸರಾ ರಜೆಯಲ್ಲಿ ಐದನೇ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ಸಾಗರದ ಹತ್ತಿರದ ಹಳ್ಳಿಯಲ್ಲಿರುವ ಗೆಳೆಯನ ಮನೆಗೆ ಹೋಗಿದ್ದೆ. ಅಡಿಕೆ ತೋಟ ದಾಟಿದರೆ ಕಾಡು, ಕಾಡಿನ ಮಗ್ಗುಲಲ್ಲಿ ಒಂದು ಕೆರೆ. ಮೂರು ದಿನವೂ ನಮಗೆ ಒಂದೇ ಕೆಲಸ, ಗಾಳ ಹಾಕುವುದು.

ಅದಕ್ಕೆ ದುಬಾರಿ ಸಾಮಾನು ಬೇಕಿಲ್ಲ. ತೆಳುವಾದ ಬಿದಿರು ಗಳ, ನೈಲಾನ್ ದಾರ, ಗಾಳ, ತೇಲುವುದಕ್ಕೆ ಬೆಂಡಿನ ತುಂಡು, ತೆಂಗಿನ ಚಿಪ್ಪಿನಲ್ಲಿ ಒಂದಷ್ಟು ಎರೆಹುಳು. ಕೆರೆಯ ಮೀನಿಗೆ ಗುತ್ತಿಗೆದಾರರಿರುತ್ತಾರೆ, ಅವರ ಒಪ್ಪಿಗೆಯನ್ನು ಗೆಳೆಯ ಮೊದಲೇ ಕೇಳಿಟ್ಟಿದ್ದ.

ಮೊದಲ ದಿನ ಮೊಮ್ಮಗಳು ನಿಮಿಷಕ್ಕೊಮ್ಮೆ ದಾರ ಎತ್ತಿ ನೋಡುತ್ತಿದ್ದಳು. ಸಿಕ್ಕಿದ್ದು ಎರಡು ಜಿಲೇಬಿ ಮೀನು. ಹೆಸರು ಕೇಳಿ ಬಿದ್ದು ಬಿದ್ದು ನಕ್ಕಳು. ಇದು ಆಫ್ರಿಕಾ ಮೂಲದ ಮೀನು, 1952ರಲ್ಲಿ ಭಾರತಕ್ಕೆ ತಂದರು, ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ ಎಂದೆ. "ಹಾಗಾದ್ರೆ ಅದು ಊಟ ಹೇಗೆ ಮಾಡುತ್ತೆ ಅಜ್ಜ?" ಎಂದಳು. ಅಷ್ಟು ದಿನ ಹೆಚ್ಚುಕಡಿಮೆ ಉಪವಾಸವೇ!

ಎರಡನೇ ದಿನ ಅವಳಿಗೆ ಸುಮ್ಮನೆ ಕೂರುವುದು ಬಂತು. ಮಿಂಚುಳ್ಳಿ ನೀರಿಗೆ ಬೀಳುವುದನ್ನು, ನೀರುಕಾಗೆ ರೆಕ್ಕೆ ಹರಡಿ ಬಿಸಿಲು ಕಾಯುವುದನ್ನು ತಾನೇ ಕಂಡು ನನಗೆ ತೋರಿಸಿದಳು. ಬ್ಯಾಂಕಿನಲ್ಲಿ ನಾನೂ ವರ್ಷಗಟ್ಟಲೆ ಕೂತವನೇ. ಸಂಜೆ ಲೆಕ್ಕ ತಾಳೆಯಾಗುವವರೆಗೆ ಏಳುವಂತಿರಲಿಲ್ಲ. ಇಲ್ಲಿ ಕೂರುವುದಕ್ಕೆ ಆ ಆತಂಕವಿಲ್ಲ.

ಮೂರನೇ ದಿನ ಜೊಂಡಿನ ಪಕ್ಕ ನೀರಿನ ಮೇಲೆ ಕುಂಕುಮ ಚೆಲ್ಲಿದಂತೆ ಏನೋ ಅಲುಗಾಡಿತು. ಕೊರಮೀನಿನ ಮರಿಗಳು, ನೂರಾರು! ಈ ಜಾತಿಯ ಮೀನು ಆಗಾಗ ಮೇಲೆ ಬಂದು ಗಾಳಿ ಕುಡಿಯಬೇಕು. ಮರಿಗಳು ಗುಂಪಾಗಿ ಬರುತ್ತವೆ, ಕೆಳಗೆ ತಂದೆ ತಾಯಿ ಕಾವಲು. ನೋಡನೋಡುತ್ತಲೇ ಮೊಳದುದ್ದದ ಕಪ್ಪು ಬೆನ್ನು ಹೊರಳಿತು.

ಮೊಮ್ಮಗಳು ಗಳ ಎತ್ತಿ ನಿಂತಳು. ದೊಡ್ಡ ಮೀನು ಹಿಡಿಯುತ್ತೇನೆಂದು ಹಿಂದಿನ ರಾತ್ರಿಯೇ ಅಣ್ಣನಿಗೆ ಫೋನಿನಲ್ಲಿ ಹೇಳಿಯಾಗಿತ್ತು. ನನ್ನ ಗೆಳೆಯ ಬೈಯಲಿಲ್ಲ, ತಡೆಯಲಿಲ್ಲ. "ಹಾಕಿದರೆ ಸಿಗುತ್ತೆ ಪುಟ್ಟಿ. ಮರಿಗಳ ಹತ್ತಿರ ಏನು ಬಂದರೂ ಅದು ಮೇಲೆ ಬಿದ್ದು ಕಚ್ಚುತ್ತೆ. ಆದರೆ ಅದು ಹೋದರೆ ಈ ಮರಿಗಳನ್ನು ಹಕ್ಕಿ, ಬೇರೆ ಮೀನು ಮುಗಿಸಿಬಿಡ್ತವೆ. ನೀನೇ ಯೋಚಿಸು" ಎಂದ.

ಅವಳು ಬಹಳ ಹೊತ್ತು ನಿಂತೇ ಇದ್ದಳು. ಕಣ್ಣಲ್ಲಿ ನೀರೂ ಬಂತು. ಕೊನೆಗೆ ದಾರವನ್ನು ಗಳಕ್ಕೆ ಸುತ್ತಿ, "ಅಣ್ಣನಿಗೆ ಏನು ಹೇಳೋದು?" ಎಂದಳು. "ನೋಡಿದ್ದನ್ನೇ ಹೇಳು" ಎಂದೆ. ಫೋನಿನಲ್ಲಿ ಆ ಕೆಂಪು ಮರಿಗಳ ಕತೆಯನ್ನು ಅರ್ಧ ಗಂಟೆ ಹೇಳಿದಳು. ಅಣ್ಣ ಈಗ ತಾನೂ ಬರುತ್ತೇನೆಂದು ಹಟ ಹಿಡಿದಿದ್ದಾನೆ.

ಅಜ್ಜ ಅಜ್ಜಿಯರೇ, ಮುಂದಿನ ರಜೆಯಲ್ಲಿ ನೀವೂ ಮಕ್ಕಳನ್ನು ಒಂದು ಕೆರೆಗೆ ಕರೆದೊಯ್ಯಿರಿ. ಮರಿ ಮೀನು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಮೆಲ್ಲಗೆ ಬಿಡಿಸಿ ನೀರಿಗೆ ಬಿಡಿ. ತುಂಡಾದ ನೈಲಾನ್ ದಾರ ದಂಡೆಯಲ್ಲಿ ಬಿಡಬೇಡಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಮಕ್ಕಳೇ, ದೊಡ್ಡವರಿಲ್ಲದೆ ನೀರಿನ ಹತ್ತಿರ ಹೋಗಬೇಡಿ. ಹೋದಾಗ ಗಲಾಟೆಯೂ ಬೇಡ. ಜೊಂಡಿನ ಪಕ್ಕ ಕೆಂಪಗೆ ಏನಾದರೂ ಕಂಡರೆ ನಿಂತು ನೋಡಿ.