ಮುಮ್ಮೂಲೆಯ ಯಂತ್ರ

ಕಳೆದ ಭಾನುವಾರ ಬೆಳಿಗ್ಗೆ ನಾನು ಪಡಸಾಲೆಯಲ್ಲಿ ರಂಗೋಲಿ ಹಾಕಲು ಕುಳಿತುದನ್ನು ಕಂಡು ಮನೆಯವರು ಬೆರಗಾದರು. ವಾಂಕೆಲ್ ಯಂತ್ರವೆಂದರೇನೆಂದು ಮೊಮ್ಮಗನು ಕೇಳಿದ್ದನು. ಮೂವತ್ತು ವರ್ಷ ಮೋಟಾರು ರಿಪೇರಿಯಲ್ಲಿ ಕೈ ಕಪ್ಪುಮಾಡಿಕೊಂಡವನು ಉತ್ತರ ಹೇಳದೆ ಎದ್ದುಹೋಗುವುದೆಂತು?

ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ನು ಹಿಂದಕ್ಕೂ ಮುಂದಕ್ಕೂ ಓಡಾಡುವುದೆಂಬುದು ವಾಚಕರಿಗೆ ತಿಳಿದುದೇ. ಹೀರುವುದು, ಅದುಮುವುದು, ಉರಿಸುವುದು, ಹೊಗೆಯನ್ನು ಹೊರದೂಡುವುದು—ಈ ನಾಲ್ಕು ಕೆಲಸಗಳೂ ಒಂದೇ ಕೊಠಡಿಯಲ್ಲಿ ಸರದಿಯಂತೆ ನಡೆಯುವುವು. ಜರ್ಮನಿಯ ಫೆಲಿಕ್ಸ್ ವಾಂಕೆಲನು ಆ ಓಡಾಟವನ್ನೇ ತೆಗೆದುಹಾಕಿದನು. ಅವನ ಯಂತ್ರವು ಎನ್‌ಎಸ್‌ಯು ಕಾರ್ಖಾನೆಯಲ್ಲಿ ಮೊದಲು ಓಡಿದುದು ೧೯೫೭ರಲ್ಲಿ. ಈಗ ಬಳಕೆಯಲ್ಲಿರುವ ರೂಪವನ್ನು ಕೊಟ್ಟವನು ಅಲ್ಲಿಯ ಹಾನ್ಸ್ ಡೀಟರ್ ಪಾಷ್ಕೆ.

ಎರಡು ಕಾಳಿನ ನೆಲಗಡಲೆಯ ಕಾಯಿಯನ್ನು ಊದಿಸಿದಂತೆ, ತುಸುವೇ ಸೊಂಟವುಳ್ಳ ಒಂದು ಗೂಡನ್ನು ಬರೆದೆನು. ಅದರೊಳಗೆ, ಪಕ್ಕಗಳು ಉಬ್ಬಿದ ಮುಮ್ಮೂಲೆಯ ರಟ್ಟೊಂದನ್ನಿಟ್ಟು ತಿರುಗಿಸತೊಡಗಿದೆನು. ಮೂಲೆಗಳು ಮೂರೂ ಗೋಡೆಯನ್ನು ಬಿಡುವುದಿಲ್ಲ. ನಡುಬಿಂದು ಮಾತ್ರ ನಿಂತಲ್ಲಿ ನಿಲ್ಲದೆ ಪುಟ್ಟ ವೃತ್ತದಲ್ಲಿ ಸುತ್ತುವುದು. ಆದುದರಿಂದ ಪಕ್ಕಕ್ಕೂ ಗೋಡೆಗೂ ನಡುವಣ ಎಡೆಯು ಹಿಗ್ಗುತ್ತ ಕುಗ್ಗುತ್ತ ಹೋಗುವುದು. ಹಿಗ್ಗುವಾಗ ಗಾಳಿಯೂ ಪೆಟ್ರೋಲೂ ಕಂಡಿಯೊಂದರಿಂದ ಒಳಬರುವುವು; ಕುಗ್ಗುವಾಗ ಅದುಮಿಹೋಗುವುವು; ಆಗ ಕಿಡಿ. ಉರಿದ ಅನಿಲವು ಹಿಗ್ಗಿ ಮುಮ್ಮೂಲೆಯನ್ನು ತಳ್ಳುವುದು. ಮತ್ತೆ ಕುಗ್ಗುವಾಗ ಹೊಗೆಯು ಇನ್ನೊಂದು ಕಂಡಿಯಿಂದ ಹೊರಬೀಳುವುದು. ಕವಾಟಗಳೇ ಬೇಡ, ಮುಮ್ಮೂಲೆಯೇ ತಿರುಗುತ್ತ ಕಂಡಿಗಳನ್ನು ತೆರೆದು ಮುಚ್ಚುವುದು. ಮೂರು ಪಕ್ಕಗಳಲ್ಲಿಯೂ ಇದೇ ಕ್ರಮವಾದುದರಿಂದ ಅದು ಒಂದು ಸುತ್ತು ಬರುವಷ್ಟರಲ್ಲಿ ಮೂರು ಸಲ ಉರಿ. ನಡುವಿನ ದಂಡಕ್ಕೆ ಮೂರು ಸುತ್ತು.

“ನೋಡಿದೆಯಾ ಮಗು, ಹೀರುವ ಕಡೆ ಹೀರುವುದೇ, ಉರಿಯುವ ಕಡೆ ಉರಿಯುವುದೇ. ಎಂಥ ಅಚ್ಚುಕಟ್ಟು!” ಎಂದೆನು.

ಅಡಿಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಕೈಯೊರಸಿಕೊಳ್ಳುತ್ತ ನಿಂತಿದ್ದ ನನ್ನಾಕೆಯು, “ಅಲ್ಲರೀ, ಹಾಗಾದರೆ ಬೇಯುವ ಕಡೆ ಯಾವಾಗಲೂ ಬೇಯುತ್ತಲೇ ಇರಬೇಕೆ?” ಎಂದಳು.

ನನಗೆ ಮಾತು ಹೊರಡಲಿಲ್ಲ. ಆ ಯಂತ್ರದ ಸಂಕಟವೇ ಅದು. ಪಿಸ್ಟನ್ನಿನ ಕೊಠಡಿಗೆ ಉರಿಯ ತರುವಾಯ ಹೊಸಗಾಳಿಯ ತಂಪು ಬರುವುದು. ಈ ಗೂಡಿನ ಉರಿಯುವ ಮಗ್ಗುಲಿಗೆ ಆ ಸರದಿಯೇ ಇಲ್ಲ. ಒಂದು ಮಗ್ಗುಲು ಬೆಂದು ಇನ್ನೊಂದು ತಣ್ಣಗಿದ್ದರೆ ಗೂಡು ಸೊಟ್ಟಗಾಗದೆ ಇದ್ದೀತೆ? ಸಾಲದುದಕ್ಕೆ, ಉರಿಯುವ ಎಡೆಯು ಉದ್ದವಾಗಿ ತೆಳ್ಳಗಿರುವುದು, ನಿಲ್ಲದೆ ಸರಿಯುತ್ತಲೂ ಇರುವುದು. ಜ್ವಾಲೆಯು ತುದಿ ಮುಟ್ಟಲೆಂದು ಜಪಾನಿನ ಮಾಜ್ದಾದವರು ಎರಡೆರಡು ಕಿಡಿಗಳನ್ನಿಟ್ಟರು. ಆದರೂ ಒಂದಿಷ್ಟು ಪೆಟ್ರೋಲು ಉರಿಯದೆಯೇ ಹೊರಬೀಳುವುದು. ಮೂಲೆಗಳ ಸೀಲುಗಳು ಗೋಡೆಯ ಮೇಲೆ ಎಳೆದ ಗೆರೆಗಳಿಗೆ ಅವರು ದೆವ್ವದ ಉಗುರಿನ ಗೀರೆಂದೇ ಹೆಸರಿಟ್ಟಿದ್ದರು! ಅದನ್ನು ಗೆದ್ದು ೧೯೬೭ರಲ್ಲಿ ಕಾಸ್ಮೋ ಕಾರನ್ನು ಮಾರಿದರು. ೧೯೯೧ರಲ್ಲಿ ಲೆ ಮಾನ್ಸ್ ಪಂದ್ಯವನ್ನೂ ಗೆದ್ದರು. ಆ ಮಗ್ಗುಲಿನ ಬೇಗೆ ಮಾತ್ರ ಹೋಗಲಿಲ್ಲ.

ಒಳಗೆ ಸಾರು ಕುದಿಯುತ್ತಿತ್ತು. ನಲವತ್ತು ವರ್ಷದಿಂದ ಆ ಒಲೆಯ ಮುಂದೆ ನಿಂತವರಾರೆಂದು ಯೋಚಿಸಿ, ಎದ್ದು ಒಳಗೆ ನಡೆದೆನು. ಸೌಟನ್ನು ತೆಗೆದುಕೊಳ್ಳಹೋದೆನು.

“ರಂಗೋಲಿಯ ಕೈಯಲ್ಲಿ ಸಾರು ಮುಟ್ಟಬೇಡಿ. ಮೊದಲು ಆ ನೆಲ ಒರೆಸಿ ಬನ್ನಿ” ಎಂದಳು.