ಯಾರೂ ಬಳಸದ ಭಾಷೆ, ಎಲ್ಲರ ಫೋನಿನಲ್ಲಿ

ಶಿರಾ ದಾಟಿ ಹಿರಿಯೂರಿನ ಕಡೆ ಹೋಗುವಾಗ ಹೆದ್ದಾರಿಯಲ್ಲಿ ಸಿಗುವ ಜವನಗೊಂಡನಹಳ್ಳಿಯಲ್ಲಿ ನಿಂತು ಮೊಬೈಲ್‌ನಲ್ಲಿ ಈರುಳ್ಳಿ ರೇಟು ನೋಡಿದರೂ, ಆ ಪುಟದ ಹಿಂದೆ ಓಡುವುದು ಬಹುಪಾಲು ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಬ್ರೆಂಡನ್ ಐಕ್ 1995ರಲ್ಲಿ ಅದನ್ನು ಬರೆದಾಗ ಮುಖ್ಯವಾದ ಒಂದು ವಿಚಾರವನ್ನು ‘ಸೆಲ್ಫ್’ ಎಂಬ ಪ್ರಯೋಗದ ಭಾಷೆಯಿಂದ ತೆಗೆದುಕೊಂಡ.

ಸೆಲ್ಫ್ ಹುಟ್ಟಿದ್ದು 1986ರಲ್ಲಿ, ಝೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ. ಡೇವಿಡ್ ಉಂಗರ್ ಮತ್ತು ರಾಂಡಲ್ ಸ್ಮಿತ್ ಅದರ ಜನಕರು. ಬೇರೆ ಬಹುತೇಕ ಆಬ್ಜೆಕ್ಟ್ ಭಾಷೆಗಳಲ್ಲಿ ಮೊದಲು ‘ಕ್ಲಾಸ್’ ಎಂಬ ನಕ್ಷೆ ಬರೆಯಬೇಕು. ಇಲ್ಲಿ ನಕ್ಷೆಯೇ ಇಲ್ಲ. ಊರಿನ ಬಡಗಿಗೆ ಹಳೇ ಕುಂಟೆ ತೋರಿಸಿ, ‘ಇಂಥದ್ದೇ ಇನ್ನೊಂದು ಮಾಡಪ್ಪ, ಹಿಡಿ ಚೂರು ಉದ್ದ ಇರ್ಲಿ’ ಅಂದ ಹಾಗೆ. ಇರುವ ವಸ್ತುವನ್ನೇ ನಕಲು ಮಾಡು, ಬೇಕಾದ್ದನ್ನು ಬದಲಿಸು, ಅಷ್ಟೆ. ಐಕ್ ತೆಗೆದುಕೊಂಡ ವಿಚಾರ ಇದೇ.

ಸೆಲ್ಫ್‌ನ ತೊಂದರೆ ಇದ್ದದ್ದು ವೇಗದಲ್ಲಿ. ಸ್ಟ್ಯಾನ್‌ಫರ್ಡ್‌ನಲ್ಲಿ, ಆಮೇಲೆ ಸನ್ ಕಂಪನಿಯಲ್ಲಿ ಅದಕ್ಕೆ ಮದ್ದು ಹುಡುಕಿದರು: ಪ್ರೋಗ್ರಾಂ ಓಡುತ್ತಿರುವಾಗಲೇ ಗಮನಿಸಿ, ಪದೇ ಪದೇ ಬರುವ ಭಾಗವನ್ನು ಇನ್ನಷ್ಟು ಚುರುಕಾದ ಯಂತ್ರಭಾಷೆಗೆ ಇಳಿಸುವುದು. ಅದೇ ಜಾಣತನ ಮುಂದೆ ಜಾವಾ ಓಡಿಸುವ ಹಾಟ್‌ಸ್ಪಾಟ್‌ಗೆ, ಕ್ರೋಮ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವಿ8 ಎಂಜಿನ್‌ಗೆ ಹೋಯಿತು. ಸೆಲ್ಫ್ ತಂಡದಲ್ಲಿದ್ದ ಲಾರ್ಸ್ ಬಾಕ್ ಈ ಎರಡರಲ್ಲೂ ದುಡಿದವನು. (ಗೆದ್ದ ಭಾಷೆಗಳ ಹೆಸರು ಎಲ್ಲರ ಬಾಯಲ್ಲಿ. ಸೆಲ್ಫ್ ಹೆಸರು ಯಾರಿಗೆ ಗೊತ್ತು?)

ಸೆಲ್ಫ್‌ನ ಸೋರ್ಸ್ ಕೋಡ್ ಇವತ್ತೂ ಮುಕ್ತವಾಗಿದೆ, ಗಿಟ್‌ಹಬ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಚಿತ್ರದುರ್ಗ, ಹಿರಿಯೂರು ಕಡೆ ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಹುಡುಗ ಹುಡುಗಿಯರೇ, ಸಿಲಬಸ್‌ನಲ್ಲಿ ಇಲ್ಲ ಅಂತ ಬಿಡಬೇಡಿ, ಒಮ್ಮೆ ಇಳಿಸಿಕೊಂಡು ನೋಡಿ.