ಹೊಗೆಯ ಪಾಲು

ಮುಂಬಯಿಯ ಬೊರಿವಲಿಯಲ್ಲಿರುವ ಕನ್ನಡ ಕುಟುಂಬಗಳಲ್ಲಿ, ಅದರಲ್ಲೂ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಿಂದ ಬಂದು ನೆಲೆ ನಿಂತವರಲ್ಲಿ, ಈಚೆಗೆ ಬೆಳೆದುಬಂದಿರುವ ಒಂದು ಪದ್ಧತಿಯು ಆಹಾರ ಸಂಸ್ಕೃತಿಯ ಅಭ್ಯಾಸಿಗಳ ಗಮನಕ್ಕೂ ಒಂದಿಷ್ಟು ಮುನಿಸಿಗೂ ಯೋಗ್ಯವಾಗಿದೆ. ರಾತ್ರಿಯ ಊಟಕ್ಕೆ ಬಂಗುಡೆಯನ್ನೋ ಪನೀರನ್ನೋ ಗ್ರಿಲ್ ಮಾಡಿದವರು, ಎಂದರೆ ಸರಳುಗಳ ಮೇಲಿಟ್ಟು ನೇರ ಶಾಖದಲ್ಲಿ ಬೇಯಿಸಿದವರು, ತಟ್ಟೆಯ ಅಂಚಿಗೆ ಈರುಳ್ಳಿಯ ಬಿಲ್ಲೆಗಳನ್ನು ಜೋಡಿಸಿ, ಅದರ ಚಿತ್ರವನ್ನು ಮೊಬೈಲಿನಲ್ಲಿ ಬಂಧುಬಳಗಕ್ಕೆಲ್ಲ ಕಳುಹಿಸುತ್ತಾರೆ. ಎದುರು ಬಾಗಿಲಿನ ಮನೆಗೆ ಮಾತ್ರ ಒಂದು ತುಂಡೂ ಹೋಗುವುದಿಲ್ಲ. ಊರಿನ ಅತ್ತಿಗೆ, ಥಾಣೆಯ ನಾದಿನಿ, ದುಬೈಯ ಭಾವ ಎಲ್ಲರೂ ಚಿತ್ರವನ್ನು ಮನಸಾರೆ ಹೊಗಳಿ, ಬಳಿಕ ತಮ್ಮ ತಮ್ಮ ಮನೆಯ ಸಾರನ್ನೇ ಉಣ್ಣುತ್ತಾರೆ.

ಚಿತ್ರದಲ್ಲಿ ಕಾಣುವ ಕಪ್ಪು ಗೆರೆಗಳಿಂದ ಅಲ್ಲಿ ಹೊಗೆಯ ರುಚಿಯೂ ಇರಬೇಕೆಂದು ತೀರ್ಮಾನಿಸುವುದು ಅವಸರವಾದೀತು, ಏಕೆಂದರೆ ಅಡುಗೆಮನೆಯ ಸಿಲಿಂಡರಿನ ಅನಿಲವು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣವಾಗಿದ್ದು, ಅದು ನೀಲಿ ಜ್ವಾಲೆಯಲ್ಲಿ ಚೆನ್ನಾಗಿ ಉರಿದಾಗ ಹುಟ್ಟುವ ಇಂಗಾಲದ ಡೈಆಕ್ಸೈಡಿಗೂ ನೀರಾವಿಗೂ ವಾಸನೆಯೇ ಇಲ್ಲ. ಕಟ್ಟಿಗೆಗೆ ಗಡಸುತನ ಕೊಡುವ ಲಿಗ್ನಿನ್ ಎಂಬ ಪದಾರ್ಥವು ಗಾಳಿ ಸಾಲದೆ ಅರೆಬರೆ ಉರಿದಾಗ ಬಿಡುಗಡೆಯಾಗುವ ಗ್ವಾಯಕಾಲ್, ಸಿರಿಂಗಾಲ್ ಮೊದಲಾದ ಸಂಯುಕ್ತಗಳೇ ಹೊಗೆಯ ಪರಿಮಳಕ್ಕೆ ಕಾರಣ. ಆದ್ದರಿಂದ ಗ್ಯಾಸಿನ ಮೇಲೆ ಸುಟ್ಟ ಗುಳ್ಳಬದನೆಯ ಗೊಜ್ಜಿನಲ್ಲಿ ಸೀದ ಸಿಪ್ಪೆಯ ಘಮ ಇದ್ದೀತೇ ಹೊರತು, ತೆಂಗಿನ ಗೆರಟೆಯ ಕೆಂಡದಲ್ಲಿ ಹೂತು ತೆಗೆದ ಬದನೆಯ ಗುಣ ಬರುವುದಿಲ್ಲ. ಈ ಕೊರತೆಯನ್ನು ನೀಗಲು ಕೆಲವರು ಧುಂಗಾರ್ ಎಂಬ ಉಪಾಯವನ್ನು, ಎಂದರೆ ಅಡುಗೆಯ ನಡುವೆ ಪುಟ್ಟ ಬಟ್ಟಲಿನಲ್ಲಿ ಕೆಂಡವಿಟ್ಟು, ಅದರ ಮೇಲೆ ತುಪ್ಪ ತೊಟ್ಟಿಕ್ಕಿಸಿ, ಪಾತ್ರೆಯ ಬಾಯಿ ಮುಚ್ಚುವ ಕ್ರಮವನ್ನು ಅನುಸರಿಸುತ್ತಾರೆ. ಹೊಗೆಯೊಲೆಯ ಮುಂದೆ ಆಯುಷ್ಯವಿಡೀ ಕಣ್ಣು ಕೆಂಪಗಾಗಿಸಿಕೊಂಡ ಅಜ್ಜಿಯಂದಿರಿಗೆ ಇದನ್ನು ವಿವರಿಸುವ ಧೈರ್ಯ ಯಾರಿಗೂ ಬರಲಾರದು. ಹೊಗೆಯ ಪರವಾಗಿ ವಾದಿಸುವುದು ಕಷ್ಟವೇ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು, ಕಟ್ಟಿಗೆ ಮತ್ತು ಇದ್ದಿಲು ಉರಿಸುವ ಮುಂಬಯಿಯ ಬೇಕರಿಗಳು 6 ತಿಂಗಳೊಳಗೆ ಅನಿಲದಂಥ ಇಂಧನಕ್ಕೆ ಬದಲಾಗಬೇಕೆಂದು ಸೂಚಿಸಿದುದರಲ್ಲಿ ತಪ್ಪು ಹುಡುಕುವಂತಿಲ್ಲ, ಶ್ವಾಸಕೋಶಕ್ಕೆ ನಾಲಗೆಯ ವಾದ ತಿಳಿಯುವುದೂ ಇಲ್ಲ.

ಆದರೆ ಹೊಗೆ ಇದ್ದಾಗ ಅಡುಗೆ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಸುಟ್ಟರೆ ನೆರೆಗೆಲ್ಲ ಸುದ್ದಿಯಾಗುವ ಒಣಮೀನನ್ನೇ ನೋಡಬಹುದು. ಬೊರಿವಲಿಯಿಂದ ಖಾಡಿಯನ್ನು, ಎಂದರೆ ಕಡಲ ಹಿನ್ನೀರನ್ನು, ದಾಟಿ ಗೊರಾಯಿಗೆ ಹೋದರೆ, ಬೊಂಬಿಲ್ ಮೀನನ್ನು, ಎಂದರೆ ಮೈಯೆಲ್ಲ ನೀರೇ ಎನ್ನಿಸುವಷ್ಟು ಮೆತ್ತನೆಯ ಮೀನನ್ನು, ಎರಡೆರಡಾಗಿ ದವಡೆಗೆ ದವಡೆ ಸಿಕ್ಕಿಸಿ, ಬಿದಿರಿನ ಗಳುಗಳಿಗೆ ಕಟ್ಟಿದ ಹಗ್ಗಗಳ ಮೇಲೆ ಬಿಸಿಲಿಗೆ ನೇತುಹಾಕುವ ಕೋಲಿ ಬೆಸ್ತರ ಪದ್ಧತಿ ಕಾಣುತ್ತದೆ. ಮಳೆಗಾಲದಲ್ಲಿ ಕುಚ್ಚಲಕ್ಕಿ ಗಂಜಿಗೆ ಸುಟ್ಟ ಒಣಮೀನನ್ನು ನಂಚಿಕೊಂಡು ಬೆಳೆದ ಕರಾವಳಿಯವರು ಈ ಬೊಂಬಿಲನ್ನು ತಮ್ಮದಾಗಿಸಿಕೊಂಡದ್ದು ಸಹಜವೇ ಆಗಿದೆ. ಸಸ್ಯಾಹಾರಿಗಳೇ ಹೆಚ್ಚಾಗಿರುವ ಹೌಸಿಂಗ್ ಸೊಸೈಟಿಯಲ್ಲಿ, ಎಂದರೆ ಕಟ್ಟಡದ ನಿವಾಸಿಗಳೇ ಸದಸ್ಯರಾಗಿರುವ ಸಹಕಾರ ಸಂಘದಲ್ಲಿ, ಬೊಂಬಿಲ್ ಸುಡುವ ಸಂಗತಿ ಕಾರ್ಯದರ್ಶಿಯ ಮೂಗಿಗೆ ಮುಟ್ಟಲು ಅರ್ಜಿಯ ಅಗತ್ಯ ಬೀಳುವುದಿಲ್ಲವೆಂಬುದು ಬೇರೆ ಮಾತು. ಊರಿನಲ್ಲಾದರೋ ವಾಸನೆ ಹೋದ ಮನೆಗೆ ತುಂಡೂ ಹೋಗಬೇಕೆಂಬ ಲೆಕ್ಕವಿತ್ತು, ಕೊಟ್ಟುಕಳುಹಿಸಿದ ಬಟ್ಟಲು ಬರಿದಾಗಿ ಹಿಂತಿರುಗಬಾರದೆಂಬ ಮರುಲೆಕ್ಕವೂ ಇತ್ತು. ಇದನ್ನು ಔದಾರ್ಯವೆಂದು ಕೊಂಡಾಡುವುದಕ್ಕಿಂತ, ಬಚ್ಚಿಡಲಾಗದ್ದನ್ನು ಮರ್ಯಾದೆಯಿಂದ ಹಂಚುವ ಜಾಣತನವೆಂದು ತಿಳಿಯುವುದು ಹೆಚ್ಚು ಸರಿ.

ಬೆಂಕಿಯೇ ಮುಂದಾಗಿ ಜನರನ್ನು ಕೂಡಿಸಿದ್ದಕ್ಕೆ ಇನ್ನೂ ಗಟ್ಟಿಯಾದ ನಿದರ್ಶನ ಬೇಕಾದರೆ ಕರಾವಳಿಯನ್ನು ಬಿಟ್ಟು ಧಾರವಾಡ, ಗದಗ, ವಿಜಯಪುರಗಳ ಎರೆಹೊಲಗಳಿಗೆ ಹೋಗಬೇಕಾಗುತ್ತದೆ. ಅಲ್ಲಿ ಹಿಂಗಾರಿನಲ್ಲಿ ಬಿತ್ತಿದ ಜೋಳವು ಸಂಕ್ರಾಂತಿಯ ಆಸುಪಾಸಿನಲ್ಲಿ ಹಾಲುಗಾಳಿನ ಹಂತಕ್ಕೆ, ಎಂದರೆ ಕಾಳಿನಲ್ಲಿ ಸಕ್ಕರೆಯು ಇನ್ನೂ ಪೂರ್ತಿಯಾಗಿ ಪಿಷ್ಟವಾಗದೆ ಉಳಿದಿರುವ ಹಂತಕ್ಕೆ ಬಂದಾಗ, ತೆನೆಗಳನ್ನು ಕೊಯ್ದು, ಹೊಲದಲ್ಲೇ ತೋಡಿದ ಕುಣಿಯ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಅಂಗೈಗಳ ನಡುವೆ ಉಜ್ಜಿ ಕಾಳು ಬಿಡಿಸಿ ತಿನ್ನುವುದಕ್ಕೆ ಸೀತನಿ ಎನ್ನುತ್ತಾರೆ. ಕುಳ್ಳು ಎಂದರೆ ಸಗಣಿಯ ಬೆರಣಿ. ದನವು ಮೇವಿನಲ್ಲಿ ಅರಗಿಸಿಕೊಳ್ಳಲಾಗದೆ ಬಿಟ್ಟ ಲಿಗ್ನಿನ್ ಅದರಲ್ಲಿ ಉಳಿದಿರುವುದರಿಂದ, ಸೀತನಿಯ ಹೊಗೆಯ ಪರಿಮಳದಲ್ಲಿ ದನದ ಪಾಲೂ ಇದೆಯೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು. ಈ ಹಂತ ಕೆಲವೇ ದಿನಗಳದ್ದು, ತಡವಾದರೆ ಕಾಳು ಬಲಿತು ರೊಟ್ಟಿಗೇ ಸರಿ. ಸುಟ್ಟ ಕಾಳು ಆರಿದರೂ ಅದರ ಸೊಗಸು ಹೋಗುತ್ತದೆ. ಆದಕಾರಣ ಹೊಲದ ಒಡೆಯನು ಎಷ್ಟೇ ಜಿಪುಣನಾಗಿದ್ದರೂ ಸೀತನಿಯನ್ನು ಒಬ್ಬನೇ ತಿನ್ನಲಾರನು: ಕೆಂಡದ ಮುಂದೆ ಕುಳಿತು ತೆನೆ ತಿರುವುವವನೊಬ್ಬ, ಅಂಗೈ ಸುಟ್ಟುಕೊಂಡು ಉಜ್ಜುವವರಿಬ್ಬರು, ಮೊರದಲ್ಲಿ ಹೊಟ್ಟು ಕೇರುವವಳೊಬ್ಬಳು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬೆಲ್ಲ, ಮೊಸರನ್ನು ಮನೆಯಿಂದ ಹೊತ್ತು ತರುವವರು ಮತ್ತಿಬ್ಬರು, ಇಷ್ಟು ಕೈಗಳು ಕೂಡದೆ ಒಂದು ಬೊಗಸೆ ಬಿಸಿ ಕಾಳು ಬಾಯಿಗೆ ಬೀಳುವುದಿಲ್ಲ. ಪಟ್ಟಣದ ನೆಂಟರಿಗೆ ಕರೆ ಹೋಗುತ್ತಿದ್ದುದರಲ್ಲಿ ಪ್ರೀತಿ ಇಲ್ಲವೆಂದಲ್ಲ, ಕೈಗಳ ಲೆಕ್ಕವೂ ಇತ್ತು. ಕರೆಸಿಕೊಂಡ ನೆಂಟರು ಹೊಟ್ಟಿನ ತುರಿಕೆಗೆ ಕುತ್ತಿಗೆ ಕೆರೆದುಕೊಳ್ಳುತ್ತ, ಹಲ್ಲುಗಳೆಲ್ಲ ಕಪ್ಪಾಗಿ, ಸಂಜೆಯವರೆಗೂ ಹೊಲದಲ್ಲೇ ಹರಟುತ್ತಿದ್ದರು, ಆ ರಾತ್ರಿ ಮನೆಯ ಒಲೆ ಹೊತ್ತುತ್ತಲೇ ಇರಲಿಲ್ಲ.

ಇದೇ ಎಳೆಜೋಳ ಮಹಾರಾಷ್ಟ್ರದಲ್ಲಿ ಹುರಡಾ, ದಕ್ಷಿಣ ಗುಜರಾತಿನಲ್ಲಿ ಪೋಂಕ್. ಪುಣೆಯ ಸುತ್ತಲಿನ ತೋಟಗಳಲ್ಲಿ ಈಗ ಹುರಡಾ ಕೂಟಗಳು ತಲೆಗಿಷ್ಟು ಎಂದು ಹಣ ಪಡೆದು ನಡೆಯುತ್ತವೆ. ಅಲ್ಲಿ ಉಜ್ಜಲು ಆಳುಗಳಿರುತ್ತಾರೆ, ತಿನ್ನಲು ನೆಂಟರು ಬುಕ್ ಮಾಡಿ ಬರುತ್ತಾರೆ. ಗುಜರಾತಿಗಳು ಹೆಚ್ಚಾಗಿರುವ ಬೊರಿವಲಿಯಲ್ಲಿ ಚಳಿಗಾಲದ ಮತ್ತೊಂದು ಅಡುಗೆಯಾದ ಉಂಧಿಯುವಿನ ಕಥೆಯೂ ಹೆಚ್ಚು ಬೇರೆಯಲ್ಲ: ಅವರೆ, ಗೆಣಸುಗಳನ್ನು ತುಂಬಿದ ಮಣ್ಣಿನ ಮಡಕೆಯನ್ನು ತಲೆಕೆಳಗಾಗಿ ನೆಲದಲ್ಲಿ ಹೂತು, ಮೇಲೆ ಬೆಂಕಿ ಹಾಕಿ ಬೇಯಿಸುತ್ತಿದ್ದ ಆ ಪದಾರ್ಥವು ಮಹಡಿ ಮನೆಗಳಲ್ಲಿ ನೆಲವೇ ಇಲ್ಲದ ಕಾರಣ ಕುಕ್ಕರಿನಲ್ಲೋ ಬಾಣಲೆಯಲ್ಲೋ ನೆಟ್ಟಗೆ ನಿಂತು ಬೇಯುತ್ತದೆ, ಯಾರೂ ದೂರುವುದಿಲ್ಲ. ಪೋಂಕ್ ಅಂತೂ ಎಲ್ಲೋ ಸುಡಲ್ಪಟ್ಟು, ಕಾಳು ಬಿಡಿಸಲ್ಪಟ್ಟು, ಹಸಿರು ಮುತ್ತುಗಳಾಗಿ ಪ್ಲಾಸ್ಟಿಕ್ ಚೀಲದಲ್ಲಿ ಅಂಗಡಿಗೆ ಬರುತ್ತದೆ, ಜೊತೆಗೆ ನಿಂಬೆ-ಮೆಣಸಿನ ಸೇವ್ ಇರುತ್ತದೆ. ಸುಡುವವರು, ಉಜ್ಜುವವರು, ಕೇರುವವರು ಯಾರೂ ಬೇಡ. ನೂರು ಗ್ರಾಂ ಕೊಂಡರೆ ಒಬ್ಬರಿಗೆ ಧಾರಾಳವಾಯಿತು.